ಮೊದಲು ಕಪಾಟು, ಆಮೇಲೆ ಕೀಲಿಮಣೆ

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಕನ್ನಡ ವಿಕಿಪೀಡಿಯದಲ್ಲಿ ನಾನು ಬರೆದ ಮೊದಲ ಲೇಖನ, ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರ ಬಗ್ಗೆ. ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಕೂತವನು ಮಧ್ಯಾಹ್ನದ ಊಟದ ಹೊತ್ತಿಗೆ ಬರೆದು ಎದ್ದಿದ್ದೆ. ಮೇಷ್ಟ್ರು ಬಿಸಿಲಿರಲಿ ಮಳೆಯಿರಲಿ ಛತ್ರಿ ಹಿಡಿದೇ ಬರುತ್ತಿದ್ದದ್ದು, ಪಂಪನ ಪದ್ಯ ಓದುವಾಗ ಕಣ್ಣು ಮುಚ್ಚುತ್ತಿದ್ದದ್ದು, ಬಡ ಹುಡುಗರ ಪರೀಕ್ಷೆ ಫೀಸನ್ನು ತಾವೇ ಕಟ್ಟುತ್ತಿದ್ದದ್ದು ಎಲ್ಲ ಅದರಲ್ಲಿತ್ತು. ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಎಂಬ ಮಾತೂ ಇತ್ತು. ಸಂಜೆ ಕಾಫಿ ಲೋಟ ಹಿಡಿದು ತೆರೆದು ನೋಡಿದರೆ ಲೇಖನದ ನೆತ್ತಿಯ ಮೇಲೆ ಒಂದು ಪಟ್ಟಿ: ಉಲ್ಲೇಖಗಳಿಲ್ಲ, ಅಳಿಸಲು ಸೂಚಿಸಲಾಗಿದೆ. ಕೆರಳಿಹೋದೆ. ಚರ್ಚೆಪುಟಕ್ಕೆ ಹೋಗಿ, ‘ನಾನೇ ಕಣ್ಣಾರೆ ಕಂಡಿದ್ದೇನೆ, ಇದಕ್ಕಿಂತ ಸಾಕ್ಷಿ ಬೇಕೇನ್ರೀ?’ ಎಂದು ಬರೆದೆ. ಯಾರೋ ಹಳಬರು ಎರಡೇ ಸಾಲು ಉತ್ತರ ಕೊಟ್ಟರು. ‘ನೀವು ಕಂಡದ್ದು ಸುಳ್ಳು ಅಂತ ಯಾರೂ ಹೇಳ್ತಿಲ್ಲ. ಆದರೆ ನಾಳೆ ಓದುವವರು ಅದನ್ನು ಎಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು?’

ನನ್ನ ಬಳಿ ಉತ್ತರವಿರಲಿಲ್ಲ. ಲೇಖನ ಹೋಯಿತು. ಅದೇ ಬರಹವನ್ನು ಮುಂದೆ ಶಾಲೆಯ ಸ್ಮರಣ ಸಂಚಿಕೆಗೆ ಕೊಟ್ಟೆ. ಅದು ಇರಬೇಕಾದ ಜಾಗವೂ ಅದೇ ಆಗಿತ್ತು ಎಂದು ಈಗ ಅನಿಸುತ್ತದೆ.

ಹೊಸದಾಗಿ ವಿಕಿಪೀಡಿಯಕ್ಕೆ ಬರುವವರು ಎಡವುವುದು ಹೆಚ್ಚಾಗಿ ಇದೇ ಹೊಸ್ತಿಲಲ್ಲಿ. ಬರೆಯುವ ಉಮೇದು ಇರುತ್ತದೆ, ಭಾಷೆ ಇರುತ್ತದೆ, ವಿಷಯವೂ ಗೊತ್ತಿರುತ್ತದೆ. ಇಲ್ಲದ್ದು ಒಂದೇ, ಕೈಯಲ್ಲೊಂದು ಪುಸ್ತಕ. ಆದ್ದರಿಂದ ‘ವಿಕಿಪೀಡಿಯಕ್ಕೆ ಬರೆಯುವುದು ಹೇಗೆ’ ಎಂದು ಯಾರಾದರೂ ಕೇಳಿದರೆ ನಾನು ಗುಂಡಿ ಒತ್ತುವುದನ್ನು ಮೊದಲು ಹೇಳಿಕೊಡುವುದಿಲ್ಲ. ಮನೆಯಲ್ಲಿ ಯಾವ ಪುಸ್ತಕಗಳಿವೆ ಎಂದು ಕೇಳುತ್ತೇನೆ.

ಇದಕ್ಕೆ ಕಾರಣವಿದೆ. ಕನ್ನಡಕ್ಕೆ ವಿಶ್ವಕೋಶ ಹೊಸದೇನಲ್ಲ. ಶಿವರಾಮ ಕಾರಂತರು 1936ರಲ್ಲೇ ‘ಬಾಲ ಪ್ರಪಂಚ’ದ ಮೂರು ಸಂಪುಟ ತಂದರು, ಆಮೇಲೆ ‘ವಿಜ್ಞಾನ ಪ್ರಪಂಚ’ದ ನಾಲ್ಕು. ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ ಏಳು ಸಂಪುಟಗಳಲ್ಲಿ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ್ದು 14 ಸಂಪುಟ. ಅಲ್ಲೆಲ್ಲ ಬರೆದವರ ಹೆಸರೇ ಜಾಮೀನು. ಕಾರಂತರು ಹೇಳಿದ್ದಾರೆ ಎಂದರೆ ಮುಗಿಯಿತು. 2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಶುರುವಾಗಿ 2003ರ ಜೂನ್‌ನಲ್ಲಿ ಕನ್ನಡಕ್ಕೂ ಕಾಲಿಟ್ಟ ವಿಕಿಪೀಡಿಯದಲ್ಲಿ ಬರೆಯುವವರು ನಾನು, ನೀವು, ಪಕ್ಕದ ಮನೆಯ ಪಿಯುಸಿ ಹುಡುಗಿ. ನಮ್ಮ ಹೆಸರಿಗೆ ಯಾರು ಜಾಮೀನು ಕೊಡುತ್ತಾರೆ? ಹಾಗಾಗಿ ಪಂಡಿತರ ಹೆಸರು ಹೊರುತ್ತಿದ್ದ ಭಾರವನ್ನು ಇಲ್ಲಿ ಅಡಿಟಿಪ್ಪಣಿ ಹೊರುತ್ತದೆ. ಇಷ್ಟು ಅರ್ಥವಾದರೆ ವಿಕಿಪೀಡಿಯದ ಮುಕ್ಕಾಲು ಪಾಲು ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ.

ಕನ್ನಡದಲ್ಲಿ ಈಗಿರುವುದು 30 ಸಾವಿರಕ್ಕೂ ಹೆಚ್ಚು ಲೇಖನ. ಇಂಗ್ಲಿಷಿನಲ್ಲಿ 70 ಲಕ್ಷದ ಆಸುಪಾಸು. ಈ ಅಂತರ ನೋಡಿ ಎದೆಗುಂದುವವರೂ ಇದ್ದಾರೆ, ಒಂದೇ ವರ್ಷದಲ್ಲಿ ತುಂಬಿಸಿಬಿಡುತ್ತೇವೆ ಎಂದು ತೋಳೇರಿಸುವವರೂ ಇದ್ದಾರೆ. ಎರಡನೆಯವರನ್ನು ಕಂಡರೆ ನನಗೆ ಸ್ವಲ್ಪ ಭಯ. ಯಾಕೆಂದು ಮುಂದೆ ಹೇಳುತ್ತೇನೆ.

ಒಂದು ಸಾಲು ತಿದ್ದಿ

ಮೊದಲ ದಿನವೇ ಹೊಸ ಲೇಖನಕ್ಕೆ ಕೈ ಹಾಕಬೇಡಿ. ಖಾತೆ ತೆರೆಯಿರಿ. ಅದಕ್ಕೆ ನಿಮ್ಮ ನಿಜವಾದ ಹೆಸರೇ ಬೇಕೆಂದಿಲ್ಲ, ಆದರೆ ಅಂಗಡಿ, ಸಂಘ, ಟ್ರಸ್ಟ್‌ಗಳ ಹೆಸರಿಟ್ಟುಕೊಳ್ಳಬೇಡಿ. ಜಾಹೀರಾತಿಗೆ ಬಂದವರೆಂದು ಮೊದಲ ನೋಟಕ್ಕೇ ಅನುಮಾನ ಬರುತ್ತದೆ. ಖಾತೆಯಾದ ಮೇಲೆ ನಿಮ್ಮ ತಾಲೂಕಿನದೋ ಊರಿನದೋ ಪುಟ ತೆರೆದು ನಿಧಾನವಾಗಿ ಓದಿ. ತಪ್ಪು ಸಿಕ್ಕೇ ಸಿಗುತ್ತದೆ.

ಎಂಥ ತಪ್ಪು? 2021ರಲ್ಲಿ ಬಳ್ಳಾರಿಯಿಂದ ಒಡೆದು ವಿಜಯನಗರ ಜಿಲ್ಲೆಯಾಯಿತಲ್ಲ, ಹೊಸಪೇಟೆ, ಕೂಡ್ಲಿಗಿ, ಹೂವಿನಹಡಗಲಿ ಕಡೆಯ ಹಳ್ಳಿಯ ಪುಟದಲ್ಲಿ ಇನ್ನೂ ಬಳ್ಳಾರಿ ಜಿಲ್ಲೆ ಎಂದೇ ಇದ್ದರೆ ಅದನ್ನು ತಿದ್ದಬೇಕು. ಹರಪನಹಳ್ಳಿಯದಂತೂ ದೊಡ್ಡ ಕಥೆ. ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅಲ್ಲಿಗೆ ಹೋಯಿತು, ಮತ್ತೆ ಬಳ್ಳಾರಿಗೆ ಮರಳಿತು, ಈಗ ವಿಜಯನಗರದಲ್ಲಿದೆ. ಇಂಥ ಕಡೆ ಹಳೆಯದನ್ನು ಅಳಿಸಿ ಹೊಸದನ್ನು ಹಾಕಿದರೆ ಅರ್ಧ ಕೆಲಸ. ಯಾವ ವರ್ಷ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ಒಂದು ಸಾಲು ಸೇರಿಸಿದರೆ ಪೂರ್ತಿ ಕೆಲಸ.

ಇನ್ನೊಂದು ಬಗೆಯ ತಪ್ಪು ಕಾಲದ್ದು. ‘ಇತ್ತೀಚೆಗೆ ಇಲ್ಲಿ ಹೊಸ ಬಸ್ ನಿಲ್ದಾಣ ಕಟ್ಟಲಾಗುತ್ತಿದೆ’ ಎಂದು ಯಾರೋ ಬರೆದು ಹೋಗಿರುತ್ತಾರೆ. ಆ ‘ಇತ್ತೀಚೆಗೆ’ ಯಾವ ಇತ್ತೀಚೆಗೆ? ನಿಲ್ದಾಣ ಕಟ್ಟಿ, ಉದ್ಘಾಟನೆಯಾಗಿ, ಅದರ ಚಾವಣಿ ಸೋರಲು ಶುರುವಾಗಿದ್ದರೂ ಪುಟದಲ್ಲಿ ಮಾತ್ರ ಕಟ್ಟುತ್ತಲೇ ಇರುತ್ತಾರೆ. ಈಗ, ಸದ್ಯ, ಇತ್ತೀಚೆಗೆ, ಪ್ರಸ್ತುತ ಎಂಬ ನಾಲ್ಕು ಪದಗಳನ್ನು ಕಂಡಲ್ಲೆಲ್ಲ ಇಸವಿಯಾಗಿ ಬದಲಿಸುತ್ತ ಹೋದರೂ ಒಂದು ವರ್ಷಕ್ಕೆ ಸಾಕಾಗುವಷ್ಟು ಕೆಲಸವಿದೆ.

ತಿದ್ದಿದ ಮೇಲೆ ಉಳಿಸುವ ಮುನ್ನ ಸಾರಾಂಶ ಕೇಳುವ ಒಂದು ಪಟ್ಟಿ ಬರುತ್ತದೆ. ಹೊಸಬರು ಅದನ್ನು ಖಾಲಿ ಬಿಡುತ್ತಾರೆ. ಬಿಡಬೇಡಿ. ‘ಜಿಲ್ಲೆಯ ಹೆಸರು ತಿದ್ದಿದೆ, ಗೆಜೆಟಿಯರ್ ಉಲ್ಲೇಖ ಸೇರಿಸಿದೆ’ ಎಂದು ಐದಾರು ಪದ ಬರೆದರೆ ಆ ಪುಟ ಕಾಯುತ್ತಿರುವವರಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟುತ್ತದೆ. ಏನಾದರೂ ಎಡವಟ್ಟಾದರೂ ಗಾಬರಿ ಬೇಡ. ಪ್ರತಿ ಪುಟಕ್ಕೂ ‘ಇತಿಹಾಸ’ ಎಂಬ ಕೊಂಡಿಯಿದೆ, ಅಲ್ಲಿ ಹುಟ್ಟಿದಾಗಿನಿಂದ ಇಂದಿನವರೆಗಿನ ಪ್ರತಿ ಬದಲಾವಣೆಯೂ ಇರುತ್ತದೆ, ಹಿಂದಿನ ರೂಪಕ್ಕೆ ಯಾರು ಬೇಕಾದರೂ ಮರಳಿಸಬಹುದು. ನೀವು ಬರೆದ ಹುಚ್ಚು ಮಾತೂ ಅಲ್ಲೇ ನಿಮ್ಮ ಹೆಸರಿನ ಜೊತೆ ಉಳಿಯುತ್ತದೆ, ಅದೂ ನೆನಪಿರಲಿ. ಉದ್ದವಾಗಿ ಬರೆದು ಅಭ್ಯಾಸ ಮಾಡಬೇಕೆನಿಸಿದರೆ ಪ್ರತಿ ಸದಸ್ಯರಿಗೂ ಪ್ರಯೋಗಪುಟವಿದೆ, ಅಲ್ಲಿ ಗೀಚಿ.

ಶಾಸನವೂ ಅಜ್ಜಿ ಕಥೆಯೂ

ನಮ್ಮವರಿಗೆ ಊರಿನ ಹೆಸರಿನ ಮೂಲ ಹೇಳುವುದೆಂದರೆ ಬಲು ಪ್ರೀತಿ. ಊರಿನ ಪುಟ ಬರೆಯುವವರು ಜನಸಂಖ್ಯೆಗಿಂತ ಮೊದಲು ಅದನ್ನೇ ಬರೆಯುತ್ತಾರೆ. ತಪ್ಪಲ್ಲ, ಆದರೆ ಬರೆಯುವ ಬಗೆಯಲ್ಲಿ ಎಚ್ಚರ ಬೇಕು. ಬೆಂಗಳೂರನ್ನೇ ತೆಗೆದುಕೊಳ್ಳಿ. ಹೊಯ್ಸಳ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿ ಹಸಿದಾಗ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದೇ ಬೆಂದಕಾಳೂರು ಎಂಬ ಕಥೆ ಎಲ್ಲರಿಗೂ ಗೊತ್ತು. ವೀರಬಲ್ಲಾಳ ಆಳಿದ್ದು 12ನೇ ಶತಮಾನದ ಕೊನೆಗೆ, 13ರ ಆರಂಭಕ್ಕೆ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಗಂಗರ ಕಾಲದ ವೀರಗಲ್ಲಿನಲ್ಲಿ, ಅಂದರೆ ಸುಮಾರು ಕ್ರಿ.ಶ. 890ರಲ್ಲೇ, ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಮುದುಕಿ ಕಾಳು ಬೇಯಿಸುವುದಕ್ಕೆ ಹತ್ತಿರಹತ್ತಿರ ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು.

ಹಾಗೆಂದು ಕಥೆಯನ್ನು ಕಿತ್ತೆಸೆಯಬೇಕೆ? ಬೇಡ. ಕಥೆಯೂ ಊರಿನದೇ. ಕಥೆಯನ್ನು ಕಥೆ ಎಂದು ಬರೆಯಿರಿ, ಶಾಸನವನ್ನು ಶಾಸನ ಎಂದು ಬರೆಯಿರಿ, ಎರಡಕ್ಕೂ ಎಲ್ಲಿ ಓದಿದಿರಿ ಎಂಬುದನ್ನು ಕೆಳಗೆ ಕೊಡಿ. ಎರಡರಲ್ಲಿ ಯಾವುದು ನಿಜ ಎಂಬ ತೀರ್ಪನ್ನು ಮಾತ್ರ ನೀವು ಕೊಡಬೇಡಿ. ವಿಕಿಪೀಡಿಯದವರು ‘ತಟಸ್ಥ ದೃಷ್ಟಿಕೋನ’, ‘ಸ್ವಂತ ಸಂಶೋಧನೆ ಸಲ್ಲದು’ ಎಂದು ಗಂಭೀರವಾಗಿ ಹೇಳುವುದು ಇದನ್ನೇ.

ವಿದ್ವಾಂಸರಲ್ಲೇ ಒಮ್ಮತವಿಲ್ಲದ ಕಡೆಯೂ ಇದೇ ದಾರಿ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೇಲೂರು ತಾಲೂಕಿನಲ್ಲಿ ಪತ್ತೆ ಮಾಡಿದ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು, ಕನ್ನಡದ ಮೊದಲ ಶಾಸನ ಎಂದು ಶಾಲೆಯಲ್ಲಿ ಓದಿಕೊಂಡು ಬಂದವರು ನಾವು. ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಅದಕ್ಕೂ ಹಿಂದಿನದು, 370ರ ಸುಮಾರಿನದು ಎಂಬ ವಾದ ಆಮೇಲೆ ಬಂತು. ಹಾಸನದವರು ಒಂದು ಪುಟದಲ್ಲಿ, ಶಿವಮೊಗ್ಗದವರು ಇನ್ನೊಂದು ಪುಟದಲ್ಲಿ ‘ಇದೇ ಮೊದಲು’ ಎಂದು ಬರೆದುಕೊಂಡರೆ ಓದುಗನ ಗತಿಯೇನು? ಇಂಥವರು ಹೀಗೆಂದಿದ್ದಾರೆ, ಇಂಥವರು ಹಾಗೆಂದಿದ್ದಾರೆ ಎಂದು ಎರಡನ್ನೂ ಇಟ್ಟು ಪಕ್ಕಕ್ಕೆ ಸರಿಯಬೇಕು. ಜಗಳಗಂಟರಿಗೆ ಇದು ರುಚಿಸುವುದಿಲ್ಲ.

ಇನ್ನು ಮೂಲಗಳ ಮಾತು. ಹೊಸಬರ ತಲೆಯಲ್ಲಿ ಒಂದು ತಪ್ಪು ಕಲ್ಪನೆ ಗಟ್ಟಿಯಾಗಿ ಕೂತಿದೆ, ಉಲ್ಲೇಖ ಎಂದರೆ ಅಂತರ್ಜಾಲದ ಕೊಂಡಿ ಎಂದು. ಅಲ್ಲ. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ವರ್ಷ, ಪುಟಸಂಖ್ಯೆ ಕೊಟ್ಟರೆ ಅದು ಉತ್ತಮ ಉಲ್ಲೇಖವೇ. ಪತ್ರಿಕೆಯಾದರೆ ಹೆಸರು, ದಿನಾಂಕ, ಪುಟ. ಓದುಗನಿಗೆ ಬೇಕೆಂದರೆ ಗ್ರಂಥಾಲಯಕ್ಕೆ ಹೋಗಿ ನೋಡಬಹುದು, ಅಷ್ಟು ಸಾಕು. ಕನ್ನಡಕ್ಕೆ ಈ ಮಾತು ಬೇರೆ ಭಾಷೆಗಿಂತ ಹೆಚ್ಚು ಮುಖ್ಯ. ನಮ್ಮ ತಿಳಿವಳಿಕೆಯ ದೊಡ್ಡ ಪಾಲು ಇನ್ನೂ ಕಾಗದದ ಮೇಲೇ ಇದೆ, ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳು, ಜಿಲ್ಲಾ ಗೆಜೆಟಿಯರ್‌ಗಳು, ಸಾಹಿತ್ಯ ಪರಿಷತ್ತಿನ ನಿಘಂಟಿನ ಸಂಪುಟಗಳು, ಸಮ್ಮೇಳನಗಳ ಸ್ಮರಣ ಸಂಚಿಕೆಗಳು, ಹಳೆಯ ವಾರಪತ್ರಿಕೆಗಳ ಕಟ್ಟು. ಎಲ್ಲವೂ ಯಾರದೋ ಅಟ್ಟದ ಮೇಲೆ, ಯಾವುದೋ ಕಪಾಟಿನಲ್ಲಿ ಧೂಳು ತಿನ್ನುತ್ತಿವೆ. ಇಂಗ್ಲಿಷಿನಿಂದ ಅನುವಾದಿಸುವವರು ಸಾವಿರ ಜನ ಸಿಗುತ್ತಾರೆ. ನಿಮ್ಮ ಜಿಲ್ಲೆಯ ಗೆಜೆಟಿಯರ್ ಬಿಡಿಸಿ ನಿಮ್ಮ ಊರ ಕೆರೆಯ ಬಗ್ಗೆ ಎರಡು ಸಾಲು ತೆಗೆದು ಹಾಕುವವರು ನಿಮ್ಮನ್ನು ಬಿಟ್ಟರೆ ಇನ್ನೊಬ್ಬರಿಲ್ಲ.

ಎಲ್ಲ ಕಾಗದವೂ ಒಂದೇ ತೂಕದ್ದಲ್ಲ ಎಂಬುದೂ ಗೊತ್ತಿರಬೇಕು. ಅಭಿನಂದನ ಗ್ರಂಥದಲ್ಲಿ ಬಯ್ಯುವವರು ಯಾರೂ ಇರುವುದಿಲ್ಲ. ಅದರಿಂದ ಹುಟ್ಟಿದ ದಿನ, ಓದಿದ ಶಾಲೆ, ಕೃತಿಗಳ ಪಟ್ಟಿ ತೆಗೆದುಕೊಳ್ಳಿ, ಹೊಗಳಿಕೆಯನ್ನು ಅಲ್ಲೇ ಬಿಡಿ. ಮುನ್ನುಡಿ, ಬೆನ್ನುಡಿಗಳೂ ಹಾಗೆಯೇ. ವಾಟ್ಸ್‌ಆ್ಯಪ್ಪಿನಲ್ಲಿ ಬಂದದ್ದು, ಫೇಸ್‌ಬುಕ್ಕಿನ ಬರಹ, ಯಾರದೋ ಯೂಟ್ಯೂಬ್ ಮಾತು ಉಲ್ಲೇಖಕ್ಕೆ ಬರುವುದಿಲ್ಲ. ಪತ್ರಿಕೆಯಲ್ಲೂ ಒಂದು ಹೊಂಡವಿದೆ. ವರದಿಗಾರರು ವಿಕಿಪೀಡಿಯವನ್ನೇ ನೋಡಿ ಬರೆದದ್ದನ್ನು ನಾವು ಮತ್ತೆ ವಿಕಿಪೀಡಿಯಕ್ಕೆ ಸಾಕ್ಷಿಯಾಗಿ ತರುವುದು. ಹಾವು ತನ್ನ ಬಾಲ ತಾನೇ ನುಂಗಿದ ಹಾಗೆ. ಪುಟದ ಇತಿಹಾಸ ತೆರೆದು, ಆ ಮಾತು ಪತ್ರಿಕೆಯಲ್ಲಿ ಮೊದಲು ಬಂತೋ ವಿಕಿಪೀಡಿಯದಲ್ಲಿ ಮೊದಲು ಬಂತೋ ನೋಡಿದರೆ ಗುಟ್ಟು ತಿಳಿಯುತ್ತದೆ.

ಈಚೆಗೆ ಹೊಸ ಪಿಡುಗೊಂದು ಸೇರಿಕೊಂಡಿದೆ. ಚಾಟ್‌ಜಿಪಿಟಿಗೆ ‘ಉಲ್ಲೇಖ ಸಮೇತ ಲೇಖನ ಬರೆ’ ಎಂದರೆ ಬರೆದುಕೊಡುತ್ತದೆ. ಉಲ್ಲೇಖಗಳೂ ಇರುತ್ತವೆ. ಆದರೆ ಆ ಪುಸ್ತಕಗಳು ಲೋಕದಲ್ಲೇ ಇಲ್ಲದಿರಬಹುದು. ನೀವು ಕೈಯಲ್ಲಿ ಹಿಡಿದು ನೋಡದ ಪುಸ್ತಕದ ಹೆಸರು ಬರೆಯಬೇಡಿ. ಇಷ್ಟೇ ನಿಯಮ.

ಹೊಂದಿದೆ, ವಾಗಿದೆ, ಒಂದು

ಅಂತರವನ್ನು ಒಂದೇ ವರ್ಷದಲ್ಲಿ ತುಂಬಿಸುವವರನ್ನು ಕಂಡರೆ ಭಯ ಎಂದೆನಲ್ಲ, ಅದಕ್ಕೆ ಕಾರಣ ಹಳೆಯ ಗಾಯ. 2009, 10ರ ಸುಮಾರಿಗೆ ಗೂಗಲ್ ತನ್ನ ಅನುವಾದದ ಸಲಕರಣೆಯಿಂದ ಭಾರತದ ಹಲವು ಭಾಷೆಗಳ ವಿಕಿಪೀಡಿಯಕ್ಕೆ ಲೇಖನಗಳನ್ನು ಸೇರಿಸಿತು. ಕನ್ನಡಕ್ಕೂ ಬಂದವು. ಒಂದೊಂದೂ ಮಾರುದ್ದ. ಎಣಿಕೆಯ ಲೆಕ್ಕದಲ್ಲಿ ಕನ್ನಡ ದಿಢೀರನೆ ಮೈ ತುಂಬಿಕೊಂಡಿತು, ಓದಲು ಹೋದರೆ ಮಾತ್ರ ನಾಲಿಗೆ ತೊಡರುತ್ತಿತ್ತು. ಬಂಗಾಳಿಯವರು ಇಂಥ ಲೇಖನಗಳು ಬೇಡವೆಂದರು. ನಮ್ಮಲ್ಲಿ ಅವನ್ನು ತಿದ್ದುವ ಕೆಲಸ ಹಳಬರ ತಲೆಗೆ ಬಂತು. ಬೇರೆಯವರು ಅರ್ಧ ಗಂಟೆಯಲ್ಲಿ ಸುರಿದದ್ದನ್ನು ತಿದ್ದಲು ಅರ್ಧ ದಿನ ಬೇಕು. ಹೊಸದಾಗಿ ಬರೆಯುವುದೇ ಎಷ್ಟೋ ಸುಲಭ.

ಅನುವಾದವೇ ಬೇಡ ಎನ್ನುತ್ತಿಲ್ಲ. ವಿಕಿಪೀಡಿಯದೊಳಗೇ ಅನುವಾದಕ್ಕೊಂದು ಸಲಕರಣೆಯಿದೆ, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. ಯಂತ್ರ ಕೊಟ್ಟ ಕರಡನ್ನು ಹಾಗೇ ಬಿಡದೆ ಜೋರಾಗಿ ಓದಿ ನೋಡಿ. ಕಿವಿ ಮೊದಲು ಹಿಡಿಯುವುದು ಮೂರು ಕಳೆಗಳನ್ನು. ‘ಇದು ಕರ್ನಾಟಕದ ದಕ್ಷಿಣ ಭಾಗದಲ್ಲಿ ನೆಲೆಗೊಂಡಿರುವ ಒಂದು ಪಟ್ಟಣವಾಗಿದೆ’ ಎನ್ನುವುದನ್ನು ‘ದಕ್ಷಿಣ ಕರ್ನಾಟಕದ ಪಟ್ಟಣ’ ಎಂದರೆ ಮುಗಿಯಿತು. ‘ಈ ಮರವು ದಪ್ಪನಾದ ತೊಗಟೆಯನ್ನು ಹೊಂದಿರುತ್ತದೆ’ ಎಂದು ಯಾವ ರೈತ ಹೇಳುತ್ತಾನೆ? ‘ಈ ಮರದ ತೊಗಟೆ ದಪ್ಪ.’ ಎಲ್ಲಕ್ಕಿಂತ ನೋವಾಗುವುದು ನಮ್ಮ ಹೆಸರುಗಳೇ ಇಂಗ್ಲಿಷಿನ ಗಾಣದಲ್ಲಿ ತಿರುಗಿ ಬಂದಾಗ. ಹಳೇಬೀಡು ‘ಹಾಲೆಬಿಡು’ ಆಗಿರುತ್ತದೆ, ತಲಕಾಡು ‘ತಲಾಕಾಡ್’ ಆಗಿರುತ್ತದೆ. ಹೆಸರಿನ ಮೇಲೆ ಅನುಮಾನ ಬಂದರೆ ಆ ಊರಿನ ಬಸ್ಸಿನ ಬೋರ್ಡು ನೋಡಿ, ಅದಕ್ಕಿಂತ ಒಳ್ಳೆಯ ಆಕರ ಬೇರೆಯಿಲ್ಲ.

ಸ್ವಂತ ಬರವಣಿಗೆಯಲ್ಲಿ ಬರುವ ರೋಗ ಬೇರೆ, ಅದು ಸನ್ಮಾನ ಪತ್ರದ ಭಾಷೆ. ಮೇರುನಟ, ಜ್ಞಾನನಿಧಿ, ನಡೆದಾಡುವ ವಿಶ್ವಕೋಶ, ಬಹುಮುಖ ಪ್ರತಿಭೆ, ಪರಮಪೂಜ್ಯ. ವೇದಿಕೆಯ ಮೇಲೆ ಶಾಲು ಹೊದಿಸುವಾಗ ಇವೆಲ್ಲ ಚೆಂದ. ವಿಶ್ವಕೋಶದಲ್ಲಿ ಎಷ್ಟು ನಾಟಕ ಬರೆದರು, ಯಾವ ವರ್ಷ ಯಾವ ಪ್ರಶಸ್ತಿ ಬಂತು ಎಂದಷ್ಟೇ ಹೇಳಿದರೆ ದೊಡ್ಡವರು ಎಂಬುದು ಓದುಗನಿಗೇ ಗೊತ್ತಾಗುತ್ತದೆ. ಸಾವಿನ ಮಾತಂತೂ ಕನ್ನಡದಲ್ಲಿ ಒಂದು ಶಬ್ದಭಂಡಾರ. ಇಹಲೋಕ ತ್ಯಜಿಸಿದರು, ವಿಧಿವಶರಾದರು, ಕೈಲಾಸವಾಸಿಯಾದರು, ಅಸ್ತಂಗತರಾದರು. ‘ನಿಧನರಾದರು’ ಸಾಕು. ‘ಅವನು’ ಎನ್ನಬೇಕೆ, ‘ಅವರು’ ಎನ್ನಬೇಕೆ ಎಂದು ಕೇಳುವವರಿದ್ದಾರೆ. ಹತ್ತಿರದ ಕಾಲದವರಿಗೆ ‘ಅವರು’ ಎನ್ನುವುದು ನಮ್ಮ ನುಡಿಯ ಸಹಜ ಮರ್ಯಾದೆ, ಅದರಿಂದ ತಟಸ್ಥತೆಗೆ ಭಂಗವಿಲ್ಲ. ಪುಲಿಕೇಶಿಗೆ ಏಕವಚನ ಸಾಕು. ಶೀರ್ಷಿಕೆಯಲ್ಲಿ ಮಾತ್ರ ಶ್ರೀ, ಡಾ., ಪ್ರೊ. ಏನೂ ಬೇಡ.

ಮಹಾಪ್ರಾಣ ಬೇಕೋ ಬೇಡವೋ, ಅಂಕಿಗಳು ಕನ್ನಡದವೇ ಆಗಬೇಕೋ ಎಂಬ ಹೋರಾಟಗಳನ್ನೂ ಇಲ್ಲಿಗೆ ತರಬೇಡಿ. ಮಹಾಪ್ರಾಣಗಳನ್ನು ಕೈಬಿಡುವ, ಡಿ.ಎನ್. ಶಂಕರ ಭಟ್ಟರ ‘ಹೊಸ ಬರಹ’ದ ಬಗ್ಗೆ ಒಂದು ಒಳ್ಳೆಯ ಲೇಖನ ಬರೆಯಿರಿ. ಇರುವ ಲೇಖನಗಳನ್ನೆಲ್ಲ ರಾತ್ರೋರಾತ್ರಿ ಹೊಸ ಬರಹಕ್ಕೆ ತಿರುಗಿಸಲು ಹೊರಡಬೇಡಿ.

ಕಾಣದ ಅಕ್ಷರ

ಇದು ಕನ್ನಡದಲ್ಲಿ ಬರೆಯುವವರನ್ನು ಕಾಡುವ ತಾಪತ್ರಯ. ರಾಜ್‌ಕುಮಾರ್ ಎಂದು ಬರೆಯಬೇಕಾದರೆ ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಒತ್ತಬೇಕು. ಒತ್ತದಿದ್ದರೆ ರಾಜ್ಕುಮಾರ್ ಆಗುತ್ತದೆ. ನಮ್ಮ ಕಣ್ಣಿಗೆ ಅದೇ ಮನುಷ್ಯ, ಕಂಪ್ಯೂಟರಿಗೆ ಬೇರೆಯೇ ಪದ. ಹಾಗಾಗಿ ಒಬ್ಬರು ಹುಡುಕಿ ಸಿಗಲಿಲ್ಲವೆಂದು ಇದ್ದ ಲೇಖನವನ್ನೇ ಮತ್ತೊಮ್ಮೆ ಬರೆದುಬಿಡುತ್ತಾರೆ. ಹೊಸ ಪುಟ ತೆರೆಯುವ ಮುನ್ನ ಎರಡು ಮೂರು ಕಾಗುಣಿತದಲ್ಲಿ ಹುಡುಕಿ: ಬಸವಣ್ಣ, ಬಸವೇಶ್ವರ, ಮಡಿಕೇರಿ, ಮರ್ಕೆರಾ, ‘ಪೀಡಿಯ’ ಮತ್ತು ‘ಪೀಡಿಯಾ’. ಇಂಗ್ಲಿಷ್ ಪುಟಕ್ಕೆ ಹೋಗಿ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆಯೇ ಎಂದು ನೋಡುವುದು ಇನ್ನೂ ಸುಲಭದ ಉಪಾಯ. ನಿಮ್ಮ ಲೇಖನವಾದ ಮೇಲೆ ಬೇರೆ ಕಾಗುಣಿತಗಳಿಂದ ಅದಕ್ಕೆ ಪುನರ್ನಿರ್ದೇಶನ ಮಾಡಿ ಬಿಡಿ, ಮುಂದೆ ಬರುವವರಿಗೆ ಉಪಕಾರವಾಗುತ್ತದೆ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ ಬರಹ ಇಟ್ಟುಕೊಂಡವರು ಅದನ್ನು ಹಾಗೇ ತಂದು ಅಂಟಿಸಿದರೆ ಪುಟದ ತುಂಬ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ. ಮೊದಲು ಯೂನಿಕೋಡಿಗೆ ಬದಲಿಸಿ, ಬದಲಿಸಿದ ಮೇಲೆ ಒಮ್ಮೆ ಓದಿ. ಅರ್ಕಾವೊತ್ತುಗಳು ಎಲ್ಲೆಲ್ಲೋ ಹಾರಿರುತ್ತವೆ. ಟೈಪಿಂಗೇ ಬಾರದವರಿಗೆ ಮೊಬೈಲಿನಲ್ಲಿ ಮಾತಾಡಿ ಬರೆಸುವ ದಾರಿಯಿದೆ. ನನಗೆ ಗೊತ್ತಿರುವ ನಿವೃತ್ತ ಹೆಡ್‌ಮಾಸ್ಟರೊಬ್ಬರು ತಮ್ಮ ಊರಿನ ಪುಟಕ್ಕೆ ಅಷ್ಟನ್ನೂ ಹೇಳಿಯೇ ಬರೆಸಿದರು. ಅವರ ಮೊಬೈಲು ‘ಕೆರೆ ಏರಿ’ಯನ್ನು ಪ್ರತಿ ಸಲವೂ ‘ಕರೆ ಏರಿಯಾ’ ಮಾಡುತ್ತಿತ್ತು ಎಂಬುದು ಬೇರೆ ಮಾತು.

ಯಾರದು ಎಂದು ಕೇಳಿ ತನ್ನಿ

ಕೃತಿಸ್ವಾಮ್ಯದ ವಿಚಾರದಲ್ಲಿ ನಮ್ಮವರು ಬಲು ಧಾರಾಳಿಗಳು. ಮಂಕುತಿಮ್ಮನ ಕಗ್ಗ ಎಲ್ಲರ ಬಾಯಲ್ಲೂ ಇದೆ, ಪುಸ್ತಕ ಬಂದದ್ದು 1943ರಲ್ಲಿ, ಹಾಕಿದರೇನು ತಪ್ಪು ಎನ್ನುತ್ತಾರೆ. ನಮ್ಮ ಕಾಯಿದೆ ಎಣಿಸುವುದು ಪುಸ್ತಕದ ವಯಸ್ಸನ್ನಲ್ಲ. ಲೇಖಕರು ತೀರಿಕೊಂಡ ವರ್ಷ ಕಳೆದು 60 ವರ್ಷ. ಕಗ್ಗ ಬರೆದ ಡಿವಿಜಿ ನಿಧನರಾದದ್ದು 1975ರಲ್ಲಿ, ಆದ್ದರಿಂದ 2035 ಮುಗಿಯುವ ತನಕ ಕಗ್ಗವನ್ನು ಇಡಿಯಾಗಿ ಎತ್ತಿ ಹಾಕುವಂತಿಲ್ಲ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ, ಕೈಲಾಸಂ, 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಬರಹಗಳಿಗೆ ಆ ತಡೆಯಿಲ್ಲ. ಹಾಗೆಂದು ಅವರ ಪದ್ಯಗಳನ್ನು ವಿಕಿಪೀಡಿಯದ ಲೇಖನಕ್ಕೆ ತುಂಬುವುದೂ ಅಲ್ಲ. ಮೂಲ ಕೃತಿಗಳಿಗೆಂದೇ ವಿಕಿಸೋರ್ಸ್ ಎಂಬ ಬೇರೆ ಮನೆಯಿದೆ. ನಿರಂಜನರ ಕೃತಿಗಳನ್ನು ಅವರ ಕುಟುಂಬದವರೇ ಮುಕ್ತ ಪರವಾನಗಿಗೆ ಬಿಟ್ಟುಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯವೂ ತನ್ನ ವಿಶ್ವಕೋಶದ ಸಂಪುಟಗಳನ್ನು ಹಾಗೆ ತೆರೆದಿಟ್ಟಿತು. ಬರೆಯಲು ಅಂಜುವವರು ಈ ವಿಕಿಸೋರ್ಸಿನಲ್ಲಿ ಕರಡು ತಿದ್ದುವುದರಿಂದ ಶುರು ಮಾಡಬಹುದು. ಒಂದು ಕಡೆ ಪುಟದ ಚಿತ್ರ, ಇನ್ನೊಂದು ಕಡೆ ಅಕ್ಷರ, ಎರಡನ್ನೂ ಹೋಲಿಸಿ ತಪ್ಪು ತಿದ್ದುವುದಷ್ಟೇ ಕೆಲಸ. ನಿವೃತ್ತರಿಗೆ ಹೇಳಿ ಮಾಡಿಸಿದಂತಿದೆ.

ಪತ್ರಿಕೆಯ ಸುದ್ದಿಯನ್ನೋ ಪುಸ್ತಕದ ಪುಟವನ್ನೋ ಹಾಗೇ ನಕಲು ಮಾಡಿ ಕೆಳಗೆ ಅದರ ಹೆಸರು ಕೊಟ್ಟರೂ ಅದು ನಕಲೇ. ವಿಷಯ ತೆಗೆದುಕೊಳ್ಳಿ, ವಾಕ್ಯ ನಿಮ್ಮದಿರಲಿ. ನೀವು ಬರೆದದ್ದರ ಗತಿಯನ್ನೂ ತಿಳಿದಿರಿ. ವಿಕಿಪೀಡಿಯದ ಬರಹವನ್ನು ಯಾರು ಬೇಕಾದರೂ ಬಳಸಬಹುದು, ಪುಸ್ತಕ ಮಾಡಿ ಮಾರಲೂಬಹುದು, ಮೂಲ ಹೇಳಿ ಅದೇ ಪರವಾನಗಿ ಉಳಿಸಿಕೊಂಡರೆ ಸಾಕು. ‘ನನ್ನ ಲೇಖನ’ ಎಂಬ ಮಮಕಾರವನ್ನು ಆರಂಭದಲ್ಲೇ ಬಿಟ್ಟರೆ ಒಳ್ಳೆಯದು. ನಾಳೆ ಇನ್ನೊಬ್ಬರು ಬಂದು ಅರ್ಧ ಕತ್ತರಿಸಬಹುದು.

ಚಿತ್ರ ನಿಮ್ಮ ಮೊಬೈಲಿನಲ್ಲಿ ನೀವೇ ತೆಗೆದದ್ದಾದರೆ ಧೈರ್ಯವಾಗಿ ವಿಕಿಮೀಡಿಯ ಕಾಮನ್ಸ್ ಎಂಬ ಚಿತ್ರಭಂಡಾರಕ್ಕೆ ಏರಿಸಿ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ನಿಂತಿರುವ ಕಟ್ಟಡ, ಶಿಲ್ಪಗಳ ಫೋಟೊಗೆ ನಮ್ಮ ಕಾಯಿದೆಯಲ್ಲಿ ಅಡ್ಡಿಯಿಲ್ಲ. ಗೂಗಲ್‌ನಿಂದ ಇಳಿಸಿದ ಚಿತ್ರ, ಸಿನಿಮಾ ಪೋಸ್ಟರು, ಪತ್ರಿಕೆಯ ಫೋಟೊ ಬೇಡ. ಊರಿನ ವೀರಗಲ್ಲು, ಜಾತ್ರೆಯ ತೇರು, ತಾಲೂಕು ಕಚೇರಿಯ ಹಳೆಯ ಕಟ್ಟಡ, ಹೊಲದಲ್ಲಿ ನಿಂತ ನವಣೆ, ಇವುಗಳ ಒಳ್ಳೆಯ ಚಿತ್ರಕ್ಕೆ ಯಾವಾಗಲೂ ಬರವೇ.

ಬದುಕಿರುವವರ ಬಗ್ಗೆ ಬರೆಯುವಾಗ ಕೈ ಹಿಡಿತದಲ್ಲಿರಲಿ. 2005ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಜಾನ್ ಸೀಗೆಂಥಾಲರ್ ಎಂಬ ಅಮೆರಿಕದ ಹಿರಿಯ ಪತ್ರಕರ್ತರನ್ನು ಕೆನಡಿ ಹತ್ಯೆಗೆ ತಳಕು ಹಾಕಿ ಯಾರೋ ತಮಾಷೆಗೆ ಬರೆದ ಸುಳ್ಳು ನಾಲ್ಕು ತಿಂಗಳು ಹಾಗೇ ಉಳಿದಿತ್ತು. ಆಮೇಲೆ ನಿಯಮಗಳು ಬಿಗಿಯಾದವು. ನಮ್ಮಲ್ಲಿ ಇದಕ್ಕೆ ಇನ್ನೊಂದು ಮುಖವಿದೆ, ಅದು ಜಾತಿ. ವ್ಯಕ್ತಿಯ ಪುಟ ತೆರೆದ ತಕ್ಷಣ ಇಂಥ ಜಾತಿಯವರು ಎಂದು ತುರುಕುವ ಚಪಲ ಕೆಲವರಿಗೆ. ಅವರೇ ಹೇಳಿಕೊಂಡು, ಅವರ ಕೆಲಸಕ್ಕೆ ಅದು ಸಂಬಂಧಿಸಿದ್ದು, ಅಚ್ಚಾದ ಆಧಾರವಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಬೇಡ. ಮಕ್ಕಳ ಹೆಸರು, ಮನೆಯ ವಿಳಾಸ, ಫೋನ್ ನಂಬರು ಕಂಡರೆ ತಕ್ಷಣ ತೆಗೆಯಿರಿ. ತಮ್ಮ ಬಗ್ಗೆ, ತಮ್ಮ ಅಪ್ಪನ ಬಗ್ಗೆ, ತಮ್ಮ ಕಂಪನಿಯ ಬಗ್ಗೆ ತಾವೇ ಬರೆಯುವುದೂ ಬೇಡ. ಸಂಬಳಕ್ಕೆ ಬರೆಯುವವರು ಅದನ್ನು ಬಹಿರಂಗವಾಗಿ ಹೇಳಲೇಬೇಕು.

ಕಟ್ಟೆಯ ಮೇಲೆ

ನಿಮ್ಮ ಸಾಲನ್ನು ಯಾರಾದರೂ ಅಳಿಸಿದರೆ ಮತ್ತೆ ಹಾಕಬೇಡಿ. ಅವರು ಅಳಿಸುವುದು, ನೀವು ಹಾಕುವುದು, ಅವರು ಅಳಿಸುವುದು, ಇದಕ್ಕೆ ಕೊನೆಯಿಲ್ಲ, ನಿರ್ವಾಹಕರು ಇಬ್ಬರನ್ನೂ ತಡೆಯುತ್ತಾರೆ. ಚರ್ಚೆಪುಟಕ್ಕೆ ಹೋಗಿ ಯಾಕೆಂದು ಕೇಳಿ. ಕೊನೆಯಲ್ಲಿ ~~~~ ಎಂದು ನಾಲ್ಕು ಗೆರೆ ಹಾಕಿದರೆ ನಿಮ್ಮ ಹೆಸರೂ ಸಮಯವೂ ತಾನೇ ಮೂಡುತ್ತದೆ. ಎಲ್ಲರಿಗೂ ಸಂಬಂಧಿಸಿದ ಮಾತಿಗೆ ಕನ್ನಡ ವಿಕಿಪೀಡಿಯದಲ್ಲಿ ಒಂದು ಜಾಗವಿದೆ, ಅದರ ಹೆಸರು ಅರಳಿ ಕಟ್ಟೆ. ಹೆಸರಿಟ್ಟವರ ರಸಿಕತೆಗೆ ಶರಣು. ಊರಿನ ಕಟ್ಟೆಯ ಹಾಗೆಯೇ ಅಲ್ಲಿ ಹಳಬರಿದ್ದಾರೆ, ಗದರುವವರಿದ್ದಾರೆ, ಒಂದೇ ಮಾತನ್ನು ಹತ್ತು ವರ್ಷದಿಂದ ಹೇಳುತ್ತ ಬಂದವರಿದ್ದಾರೆ. ಹೋದ ತಕ್ಷಣ ಭಾಷಣ ಮಾಡಬೇಡಿ, ಸ್ವಲ್ಪ ದಿನ ಕೂತು ಕೇಳಿ. ಯಾರಿಗೂ ಸಂಬಳವಿಲ್ಲ. ಒಂದು ಪ್ರಶ್ನೆಗೆ ಉತ್ತರ ಬರಲು ವಾರವಾದರೆ ಅದು ಉಡಾಫೆಯಲ್ಲ, ಅವರ ಮನೆಯಲ್ಲೂ ಮದುವೆ ಮುಂಜಿ ಇರುತ್ತವೆ.

ತುಳುವಿನವರು 2016ರಲ್ಲಿ ತಮ್ಮದೇ ವಿಕಿಪೀಡಿಯ ಪಡೆದರು. ಕರಾವಳಿಯ ಓದುಗರು ಎರಡೂ ಕಡೆ ಕೈ ಆಡಿಸಬಹುದು, ಒಂದೇ ಖಾತೆ ಸಾಕು.

ಮೊದಲ ತಿಂಗಳಿಗೆ ನಾನು ಹೇಳುವ ಕೆಲಸ ಒಂದೇ. ನಿಮ್ಮ ಊರಿನದೋ ತಾಲೂಕಿನದೋ ಪುಟದಲ್ಲಿ ಉಲ್ಲೇಖವಿಲ್ಲದ ಐದು ಸಾಲು ಆರಿಸಿ ಚೀಟಿಯಲ್ಲಿ ಬರೆದುಕೊಳ್ಳಿ. ತಾಲೂಕು ಗ್ರಂಥಾಲಯಕ್ಕೆ ಹೋಗಿ ಜಿಲ್ಲಾ ಗೆಜೆಟಿಯರ್ ಕೇಳಿ. ಕೊಡುವವರು ‘ಅದ್ಯಾಕ್ರೀ ನಿಮಗೆ’ ಎಂಬಂತೆ ನೋಡಿ, ಬೀಗದ ಕೈ ಹುಡುಕಿ, ಕಪಾಟಿನ ಕೆಳಗಿನ ಸಾಲಿನಿಂದ ತೆಗೆದುಕೊಡುತ್ತಾರೆ. ಐದರಲ್ಲಿ ಎರಡಕ್ಕೆ ಆಧಾರ ಸಿಕ್ಕರೆ ಪುಟಸಂಖ್ಯೆ ಬರೆದುಕೊಂಡು ಬನ್ನಿ. ಒಂದು ತಪ್ಪೆಂದು ಗೊತ್ತಾದರೆ ಇನ್ನೂ ಒಳ್ಳೆಯದು. ಸೋಮವಾರ ಮಾತ್ರ ಹೋಗಬೇಡಿ, ಸಾರ್ವಜನಿಕ ಗ್ರಂಥಾಲಯಗಳಿಗೆ ಸಾಮಾನ್ಯವಾಗಿ ಅಂದೇ ವಾರದ ರಜೆ.